ಗೋಡೆಗುಂಟ ಒಂದು ತಂತಿ

ನಮ್ಮ ಬಿಲ್ಡಿಂಗಿನಲ್ಲಿ ಯಾವ ಸಾಮಾನು ಕೆಟ್ಟರೂ ಅದು ನೀಲಕಂಠಪ್ಪನವರ ಕಿವಿಗೆ ಬೀಳಬಾರದು ಎಂದು ನಮ್ಮ ಯಜಮಾನರಿಗೆ ನಾನು ಕಟ್ಟಪ್ಪಣೆ ಮಾಡಿದ್ದೆ. ಅವರಿಗೆ ರಿಪೇರಿ ಬರುತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಬರುತ್ತಿತ್ತು. ಆದರೆ ಕೆಟ್ಟದ್ದನ್ನು ಸರಿಮಾಡಿ ಸುಮ್ಮನೆ ವಾಪಸು ಕೊಡುವ ಜಾಯಮಾನ ಅವರದಲ್ಲ. ಅದಕ್ಕೊಂದು ಬಾಲ ಅಂಟಿಸಿಯೇ ಕೊಡುತ್ತಿದ್ದರು. ನಮ್ಮ ಮಿಕ್ಸಿಯ ವೈರು ಸುಟ್ಟಿತೆಂದು ಒಯ್ದವರು ಅದರ ನೆತ್ತಿಯ ಮೇಲೆ ಒಂದು ಕೆಂಪು ದೀಪ ಕೂರಿಸಿಕೊಂಡು ಬಂದರು. ಚಟ್ನಿ ರುಬ್ಬುವಾಗ ಆ ದೀಪ ಯಾಕೆ ಬೇಕು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕಪ್ಪು ಬಿಳುಪು ಟೀವಿಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಟ್ಟಾಗಲಂತೂ ವಾರ್ತೆ ಓದುವ ಹೆಂಗಸಿನ ಹಣೆ ನೀಲಿ, ಕುತ್ತಿಗೆ ಹಸಿರು. ನಾನು ಮೂರನೇ ದಿನವೇ ಕಿತ್ತು ಬಿಸಾಕಿದೆ.

ಅವರು ವಿಜಾಪುರದ ಕಡೆಯವರು. ಭಾಂಡುಪಿನಲ್ಲಿ ನಮ್ಮ ಪಕ್ಕದ ಮನೆ, ನಡುವೆ ಒಂದೇ ಗೋಡೆ. ಒಂದು ಫ್ಯಾಕ್ಟರಿಯ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿ ಗುಮಾಸ್ತರು. ಶನಿವಾರ ಅರ್ಧ ದಿನ ಮುಗಿದದ್ದೇ ಲೋಕಲ್ ರೈಲು ಹಿಡಿದು ಲ್ಯಾಮಿಂಗ್ಟನ್ ರೋಡಿಗೆ ಓಡುವರು. ಅಲ್ಲಿ ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕೂತು ಹಳೆ ರೇಡಿಯೋಗಳ ಕರುಳು ಬಗೆದು, ಚೀಲ ತುಂಬಿಸಿಕೊಂಡು ಬರುವರು. ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಅವರದೊಂದು ಮೂಲೆಯೂ ಇತ್ತು. ಟೇಪ್ ರೆಕಾರ್ಡರಿನ ಹೆಡ್ಡನ್ನು ಸೆರಗಿನಿಂದ ಒರೆಸಬೇಡಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ, ಆಂಟೆನಾ ತಂತಿಯ ಮೇಲೆ ಬಟ್ಟೆ ಒಣಗಿಸಿದರೆ ಟೀವಿಯಲ್ಲಿ ಮಳೆ ಬರುತ್ತದೆ, ಇಂಥವೇ. ಓದುವವರು ನಗುತ್ತಿದ್ದರು, ಆಮೇಲೆ ಹಾಗೆಯೇ ಮಾಡುತ್ತಿದ್ದರು.

ಅವರ ಹೆಂಡತಿ ಶೀಲಾವತಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಕ್ಷಯ ಬಂದು ತಿಂಗಳುಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡಳು. ಜೀವ ಉಳಿಯಿತು, ಕಿವಿ ಹೋಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಿವಿ ಮಷಿನ್ನನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು, ಅದರ ದಾರವನ್ನು ಕಿವಿಗೆ ಏರಿಸಿಕೊಂಡು ಓಡಾಡುವಳು. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ತುಟಿ ನೋಡಿಕೊಂಡು ಅರ್ಧ, ಮಷಿನ್ನಿನಿಂದ ಅರ್ಧ ಹಿಡಿಯುವಳು. ಆದರೆ ಆ ಮಷಿನ್ನಿಗೆ ಹಾಲು ಯಾವುದು ನೀರು ಯಾವುದು ಗೊತ್ತಿಲ್ಲ. ನಲ್ಲಿಯ ಸದ್ದು, ಪ್ರೈಮಸ್ ಸ್ಟೋವಿನ ಸದ್ದು, ಹೊರಗಿನ ಬಸ್ಸು, ಮನುಷ್ಯರ ಮಾತು ಎಲ್ಲವನ್ನೂ ಒಟ್ಟಿಗೆ ತಂದು ಕಿವಿಯಲ್ಲಿ ಸುರಿಯುತ್ತಿತ್ತು.

"ಸಂತ್ಯಾಗ ನಿಂತಂಗ ಆಗತೈತ್ರಿ ಬಾಯಾರ," ಅನ್ನುತ್ತಿದ್ದಳು ನನ್ನ ಹತ್ತಿರ. "ಎಲ್ಲಾರೂ ಕೂಗತಾರ, ಒಬ್ಬರ ಮಾತೂ ತಿಳಿಯೂದುಲ್ಲ."

ಅವರಿಗೆ ಒಬ್ಬಳೇ ಮಗಳು, ಮಹಾನಂದಾ. ಭಾಂಡುಪಿನಲ್ಲೇ ಹುಟ್ಟಿ, ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲೇ ಆಡಿ ಬೆಳೆದವಳು. ಅವಳನ್ನು ವಿಜಾಪುರಕ್ಕೆ ಕೊಟ್ಟರು. ಅಳಿಯ ಮುರಿಗೆಪ್ಪನದು ಅಲ್ಲಿ ಬಟ್ಟೆ ಅಂಗಡಿ. ಮದುವೆಯಾಗಿ ವರ್ಷವಾದ ಮೇಲೆ, ಅರ್ಜಿ ಹಾಕಿ ಕಾದು ಕಾದು ಬೇಸತ್ತಿದ್ದಾಗ ಫೋನು ಕೊನೆಗೂ ನೀಲಕಂಠಪ್ಪನವರ ಮನೆಗೆ ಬಂತು. ನಂದಾ ಎಸ್‌ಟಿಡಿ ಬೂತಿನಿಂದ ಭಾನುವಾರ ಭಾನುವಾರ ಫೋನ್ ಮಾಡುವಳು. ಅಪ್ಪ ಮಾತಾಡುವರು, ಅಮ್ಮ ಪಕ್ಕದಲ್ಲಿ ನಿಂತು ಅಪ್ಪನ ಮುಖ ನೋಡುವಳು. ಒಮ್ಮೆ ರಿಸೀವರನ್ನು ಕಿವಿಗೆ ಹಿಡಿದಳು. ಮಷಿನ್ನು ಕುಯ್ಯೋ ಎಂದು ಕಿರುಚಿಕೊಂಡಿತು. ಅವಳು ಹೆದರಿ ರಿಸೀವರನ್ನು ಗಂಡನ ಕೈಗಿಟ್ಟು ಒಳಗೆ ಹೋಗಿಬಿಟ್ಟಳು. ಹೆತ್ತ ಮಗಳು ಆ ತುದಿಯಲ್ಲಿ ಅವ್ವಾ ಅವ್ವಾ ಅನ್ನುತ್ತಿದ್ದಾಳೆ, ಇಲ್ಲಿ ಇವಳಿಗೆ ಕಿರುಚಾಟವೊಂದೇ ಭಾಗ್ಯ.

ನೀಲಕಂಠಪ್ಪನವರ ತಲೆಗೆ ಹುಳ ಹೊಕ್ಕಿತು. ಆ ಮಷಿನ್ನಿನ ನೆತ್ತಿಯ ಮೇಲೆ ಒಂದು ಪುಟ್ಟ ಗುಂಡಿ ಇತ್ತು. ಎಂ ಕಡೆಗೆ ತಳ್ಳಿದರೆ ಸುತ್ತಲಿನ ಸದ್ದು ಕೇಳುತ್ತದೆ. ಟಿ ಕಡೆಗೆ ತಳ್ಳಿದರೆ ಸುತ್ತಲಿನ ಸದ್ದೆಲ್ಲ ಬಂದ್. ಹತ್ತಿರದಲ್ಲಿ ಒಂದು ತಂತಿಯ ಸುರುಳಿಯಿದ್ದರೆ, ಆ ತಂತಿಯಲ್ಲಿ ಹರಿಯುವ ಮಾತು ಮಾತ್ರ ಕೇಳುತ್ತದೆ. ಇದನ್ನು ಅವರು ನನಗೆ ವಿವರಿಸಿ ಹೇಳಲು ಒಂದು ಸಂಜೆ ತೆಗೆದುಕೊಂಡರು. ಆಮೇಲೆ ಲ್ಯಾಮಿಂಗ್ಟನ್ ರೋಡಿನಿಂದ ತೆಳ್ಳಗಿನ ತಂತಿಯ ಉಂಡೆ ತಂದು, ಹೊರಕೋಣೆ ಅಡುಗೆಮನೆ ಎರಡನ್ನೂ ಬಳಸಿ ಗೋಡೆಗುಂಟ ಸುತ್ತಿದರು. ಫೋನಿನ ಹೊಟ್ಟೆಗೆ ಒಂದು ರಬ್ಬರ್ ಬಟ್ಟಲು ಅಂಟಿಸಿದರು. ಅದು ಒಳಗೆ ಓಡುವ ಎರಡೂ ಕಡೆಯ ಮಾತನ್ನು ಕದ್ದು, ಹಳೆ ಟೂ ಇನ್ ಒನ್ ಟೇಪ್ ರೆಕಾರ್ಡರಿನ ಆಂಪ್ಲಿಫಯರಿಗೆ ಕೊಡಬೇಕು. ಆಂಪ್ಲಿಫಯರು ಅದನ್ನು ದೊಡ್ಡದು ಮಾಡಿ ಗೋಡೆಯ ತಂತಿಗೆ ಹರಿಸಬೇಕು. ಆಗ ಶೀಲಾವತಿ ಮನೆಯ ಯಾವ ಮೂಲೆಯಲ್ಲಿದ್ದರೂ ಅವಳ ಎದೆಯ ಮೇಲಿನ ಮಷಿನ್ನು ಅದನ್ನು ಹಿಡಿಯಬೇಕು.

"ಟೆಲಿಫೋನಿನವರು ಬಂದು ನೋಡಿದರೆ?" ಅಂದೆ ನಾನು.

"ಅವರ ವೈರು ನಾ ಮುಟ್ಟೇ ಇಲ್ಲಲ್ರಿ ಬಾಯಾರ. ಹೊರಗಿಂದ ಕಿವಿ ಹಚ್ಚೀನಿ ಅಷ್ಟ. ಕಿವಿ ಹಚ್ಚೂದು ಯಾವ ಕಾನೂನಿನ್ಯಾಗೂ ತಪ್ಪಲ್ಲ."

ಫೋನಿನ ಗಂಟೆ ಅವಳಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೆ ಒಲೆಯ ಮೇಲ್ಗಡೆ ಒಂದು ಬಲ್ಬು. ಗಂಟೆ ಹೊಡೆದರೆ ಬಲ್ಬು ಮಿಣಮಿಣ ಅನ್ನುತ್ತದೆ.

ತಂತಿ ಸುತ್ತಿದ ಮೇಲೆ ಮೊದಲ ಸಲ ನಂದಾ ಫೋನ್ ಮಾಡಿದ ಭಾನುವಾರ ನಾನು ಅಲ್ಲೇ ಇದ್ದೆ. ಬಲ್ಬು ಹತ್ತಿತು. ಶೀಲಾವತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಗುಂಡಿಯನ್ನು ಟಿ ಕಡೆಗೆ ತಳ್ಳಿದಳು. ನೀಲಕಂಠಪ್ಪನವರು ಫೋನೆತ್ತಿ, ಆಂಪ್ಲಿಫಯರ್ ಹಾಕಿ, ರಿಸೀವರನ್ನು ಅವಳ ಬಾಯಿಯ ಹತ್ತಿರ ಹಿಡಿದರು. ಕಿವಿಯ ಹತ್ತಿರವಲ್ಲ, ಬಾಯಿಯ ಹತ್ತಿರ. ನೋಡುವವರಿಗೆ ಮಾವಿನಹಣ್ಣು ತಿನ್ನಿಸುತ್ತಿದ್ದಾರೇನೋ ಅನ್ನಿಸಬೇಕು. ಶೀಲಾವತಿ ಕಣ್ಣು ಮುಚ್ಚಿಕೊಂಡಿದ್ದಳು. ಇದ್ದಕ್ಕಿದ್ದಂತೆ, "ಮತ್ತೊಮ್ಮಿ ಅನ್ನು," ಅಂದಳು. "ನಂದಾ, ಮತ್ತೊಮ್ಮಿ ಅವ್ವಾ ಅನ್ನು." ಆ ಕಡೆಯಿಂದ ಹುಡುಗಿ ಎಷ್ಟು ಸಲ ಅಂದಳೋ ಏನೋ. ಇವಳ ಗಲ್ಲದ ಮೇಲಿಂದ ನೀರು ಹರಿದು ಹಿಟ್ಟಿಗೆ ಬಿತ್ತು. ಆಮೇಲೆ ನನ್ನ ಕೈ ಹಿಡಿದು ಹೇಳಿದಳು, "ನನ್ನ ಮಗಳ ದನಿ ಹಿಂಗಿತ್ತು ಅನ್ನೂದ ಮರತಿದ್ದೆನ್ರಿ ಬಾಯಾರ. ಬ್ಯಾರೆ ಯಾರದೋ ದನಿ ಹಚ್ಚಿ ನೆನಸತಿದ್ದೆ."

ಆವತ್ತಿನಿಂದ ಆ ಮನುಷ್ಯನನ್ನು ಗೇಲಿ ಮಾಡುವುದನ್ನು ನಾನು ಬಿಟ್ಟೆ. ಬಾಲ ಅಂಟಿಸುವವರು ಒಂದು ಸಲವಾದರೂ ಸರಿಯಾದ ಜಾಗಕ್ಕೆ ಅಂಟಿಸಿದ್ದರು.

ಒಂದೇ ತೊಡಕು. ಆಂಪ್ಲಿಫಯರನ್ನು ಪ್ರತಿ ಸಲ ಕೈಯಿಂದ ಹಾಕಬೇಕಿತ್ತು. ಒಂದು ಭಾನುವಾರ ಅವರು ಮರೆತರು. ಶೀಲಾವತಿ ಗುಂಡಿ ಟಿಗೆ ತಳ್ಳಿಕೊಂಡು ಪಾಪ ಕಾದಳು, ಏನೂ ಕೇಳಲಿಲ್ಲ. ಮಗಳು ಮೂರು ತಿಂಗಳ ಬಸುರಿ ಎಂಬ ಸುದ್ದಿ ಬಂದದ್ದು ಅದೇ ಫೋನಿನಲ್ಲಿ. ಅದನ್ನು ಮಗಳ ಬಾಯಿಂದ ಕೇಳಲಿಲ್ಲವೆಂದು ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ನೀಲಕಂಠಪ್ಪನವರು ರಿಸೀವರ್ ಇಡುವ ಜಾಗದ ಕೆಳಗೆ ಒಂದು ಸಣ್ಣ ಸ್ವಿಚ್ಚು ಕೂರಿಸಿದರು. ರಿಸೀವರ್ ಎತ್ತಿದರೆ ಸಾಕು, ಆಂಪ್ಲಿಫಯರು ತಾನಾಗಿಯೇ ಶುರು. ಇನ್ನು ಮರೆಯುವ ಮಾತೇ ಇಲ್ಲ ಎಂದು ಬೀಗಿದರು. ಸಂಘದ ಪತ್ರಿಕೆಯಲ್ಲೂ ಬರೆದರು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ನಂದಾಳಿಗೆ ಬಿಪಿ ಏರಿದೆ, ರೈಲು ಹತ್ತಿಸಬೇಡಿ ಎಂದು ಅಲ್ಲಿನ ಡಾಕ್ಟರು ಹೇಳಿದರು. ಹಾಗಾದರೆ ತವರೇ ಅಲ್ಲಿಗೆ ಹೋಗಬೇಕೆಂದು ತೀರ್ಮಾನವಾಯಿತು. ಮುಂದಿನ ವಾರದ ಟಿಕೆಟ್ಟು ಆಗಿತ್ತು. ಶೀಲಾವತಿ ಹಳೆ ಸೀರೆ ಹೊಲಿದು ಕೂಸಿಗೆ ದುಪ್ಪಟಿ ಮಾಡಿದಳು, ಕುಲಾವಿ ಹೆಣೆದಳು. ಬಾಣಂತಿಗೆಂದು ಒಣಕೊಬ್ಬರಿ, ಅಂಟು, ಉತ್ತುತ್ತಿ ಹಾಕಿ ಒಂದು ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿದಳು. ತುಪ್ಪದ ಘಮ ಇಡೀ ಗ್ಯಾಲರಿಗೆ ಹಬ್ಬಿತ್ತು.

ಆ ಭಾನುವಾರ ಹನ್ನೊಂದರ ಹೊತ್ತಿಗೆ ನೀಲಕಂಠಪ್ಪನವರು ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

"ನಂದಾ ಹೋದಳ್ರಿ ಬಾಯಾರ," ಅಂದರು.

ಎಲ್ಲಿಗೆ ಎಂದು ಕೇಳಲು ನನ್ನ ಬಾಯಿ ತೆರೆದಿತ್ತು. ಅವರ ಮುಖ ನೋಡಿ ಅದು ಹಾಗೆಯೇ ನಿಂತಿತು.

ನಸುಕಿನಲ್ಲೇ ನೋವು ಬಂದಿದೆ. ಹೆಣ್ಣು ಕೂಸು ಹುಟ್ಟಿದೆ, ಕೂಸು ಉಳಿದಿದೆ. ತಾಯಿಗೆ ರಕ್ತ ನಿಲ್ಲಲಿಲ್ಲ. ಮುರಿಗೆಪ್ಪನ ಅಣ್ಣ ಈಗಷ್ಟೇ ಫೋನ್ ಮಾಡಿದ್ದ. ನೀವು ಬರುವವರೆಗೆ ಮಣ್ಣು ಮಾಡುವುದಿಲ್ಲ, ಇವತ್ತೇ ಹೊರಡಿ ಅಂದನಂತೆ. ನಮ್ಮ ಯಜಮಾನರು ಎದ್ದು ಬಂದು ಅವರ ತೋಳು ಹಿಡಿದರು.

"ಶೀಲಾವತಿಗೆ?" ಅಂದೆ.

"ಗೊತ್ತಿಲ್ಲ. ಆಕಿ ಅಡಗೀಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದಳು. ನಾ ಆಕೀಗೆ ಬೆನ್ನ ಮಾಡಿ ಮಾತಾಡಿದೆ. ತುಟಿ ಕಾಣಬಾರದಂತ ಕೈ ಅಡ್ಡ ಹಿಡದಿದ್ದೆ. ನಾ ಕರಕೊಂಡು ಬರೂತನ ಯಾರೂ ಹೇಳಬ್ಯಾಡ್ರಿ ಅಂತ ಅವರಿಗೂ ಹೇಳೀನಿ. ಕೂಸು ಹುಟ್ಟೇತಿ, ನಂದಾ ಅಶಕ್ತ ಆಗ್ಯಾಳ, ನಿನ್ನ ಕರೀತಾಳ ಅಂತ ಆಕೀಗೆ ಹೇಳಿದೆ."

ನಮ್ಮ ದೇಶದಲ್ಲಿ ಸತ್ತ ಸುದ್ದಿಯನ್ನು ಸತ್ತರೆಂದು ಯಾರು ಹೇಳುತ್ತಾರೆ? ಸೀರಿಯಸ್, ಕೂಡಲೇ ಹೊರಡಿ ಎಂದು ತಂತಿ ಬಂದರೆ ಓದುವವರೂ ಅರ್ಥ ಮಾಡಿಕೊಂಡು ಸ್ನಾನಕ್ಕೆ ನೀರು ತೋಡುತ್ತಾರೆ. ಆದರೂ ನನಗೆ ಸಿಟ್ಟು ಬಂತು.

"ಹೆತ್ತ ತಾಯಿಗೆ ಹೇಳದೆ ಕರ್ಕೊಂಡು ಹೋಗ್ತೀರಾ? ಅಷ್ಟು ದೂರ ನಗಿಸ್ಕೊಂಡು ಹೋಗಿ, ಅಲ್ಲಿ ಬಾಗಿಲಲ್ಲಿ ತೋರಿಸ್ತೀರಾ?"

"ಇಲ್ಲೇ ಹೇಳಿದ್ರ ಆಕೀನ್ನ ಗಾಡಿ ಹೆಂಗ ಹತ್ತಸಲ್ರಿ?" ಅಂದರು. "ನಾಳೆಯಿಂದ ಸಾಯೂತನ ಅಳೂದ ಐತಿ. ಇವತ್ತೊಂದ ರಾತ್ರಿ ಆಕಿ ಮಗಳು ಇದ್ದಾಕಿಯಾಗಿ ಇರಲಿ. ಅಷ್ಟಾದ್ರೂ ಕೊಡತೀನಿ."

ನಾನು ಸೋತೆ. ಸಂಜೆಯ ಹೊತ್ತಿಗೆ ದಾದರಿನಿಂದ ಸೋಲಾಪುರದ ಗಾಡಿ, ಅಲ್ಲಿಂದ ವಿಜಾಪುರಕ್ಕೆ ಇನ್ನೊಂದು ಗಾಡಿ. ನಮ್ಮ ಯಜಮಾನರು ಟಿಕೆಟ್ಟಿನ ವ್ಯವಸ್ಥೆಗೆ ಅವರನ್ನು ಕರೆದುಕೊಂಡು ಹೋದರು. ನಾನು ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ನಗು ಹಚ್ಚಿಕೊಂಡು ಪಕ್ಕದ ಮನೆಗೆ ಹೋದೆ.

ಶೀಲಾವತಿ ಹೊರಕೋಣೆಯಲ್ಲಿ ನೆಲದ ಮೇಲೆ ಕೂತು ಚೀಲ ತುಂಬುತ್ತಿದ್ದಳು. ಗಂಡ ಮೊದಲೇ ಉಂಡಿಯ ಡಬ್ಬಿಯನ್ನು ಚೀಲದ ತಳಕ್ಕೆ ಇಟ್ಟಿದ್ದರು, ಸುಳ್ಳಿಗೆ ಕಳೆ ಬರಲೆಂದು. ಅವಳು ಅದನ್ನು ಹೊರಗೆ ತೆಗೆದು ಪಕ್ಕಕ್ಕೆ ಇಟ್ಟಳು. ಅದರ ಜಾಗಕ್ಕೆ ಒಂದು ಹಸಿರು ಸೀರೆ ಮಡಿಚಿಟ್ಟು, ಮೇಲೆ ಕೂಸಿನ ದುಪ್ಪಟಿ, ಕುಲಾವಿ ಹಾಕಿದಳು. ನಾನು ಹಿಂದಿನಿಂದ ಹೋಗಿ, "ಅಜ್ಜಿ ಆದೆಯಲ್ಲೇ," ಎಂದು ಗಟ್ಟಿಯಾಗಿ ಕೂಗಿದೆ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಊಹೂಂ. ಯಾವತ್ತೂ ಅಷ್ಟು ಹತ್ತಿರದಿಂದ ಕೂಗಿದರೆ ಬೆಚ್ಚಿ ನೋಡುತ್ತಿದ್ದವಳು.

ಎದುರಿಗೆ ಹೋಗಿ ಕೂತೆ. ಅವಳು ಬಗ್ಗಿದಾಗ ಮಷಿನ್ನು ರವಿಕೆಯಿಂದ ಅರ್ಧ ಹೊರಗೆ ಬಂದಿತ್ತು. ಗುಂಡಿ ಟಿ ಕಡೆಗಿತ್ತು.

ಬಲ್ಬು ಹತ್ತಿದ ತಕ್ಷಣ ಮಗಳ ಫೋನು ಬಂತೆಂದು ಗುಂಡಿ ತಳ್ಳಿಕೊಂಡಿದ್ದಾಳೆ. ಗಂಡ ರಿಸೀವರ್ ಎತ್ತಿ, ಸುದ್ದಿ ಕಿವಿಗೆ ಬಿದ್ದದ್ದೇ ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ. ಎತ್ತಿದ ಕೂಡಲೇ ಆಂಪ್ಲಿಫಯರು ತಾನಾಗಿಯೇ ಶುರುವಾಗಿದೆ. ಆ ಮನುಷ್ಯ ಅದನ್ನು ಕೂರಿಸಿದ್ದೇ ಮರೆಯಬಾರದೆಂದು. ಆ ಗಳಿಗೆಯಲ್ಲಿ ಅದನ್ನು ಕೂರಿಸಿದ್ದನ್ನೇ ಮರೆತಿದ್ದರು.

ನಾನು ಕೈ ಚಾಚಿ ಆ ಗುಂಡಿಯನ್ನು ಎಂ ಕಡೆಗೆ ತಳ್ಳಿದೆ. ಬೇರೇನು ಮಾಡಬೇಕೆಂದು ನನಗೆ ತೋಚಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಕಣ್ಣು ಒಣಗಿದ್ದವು.

"ಕೇಳೇನ್ರಿ ಬಾಯಾರ," ಅಂದಳು. "ಎಲ್ಲಾ ಕೇಳೇನಿ. ಬಾಜೂಕ ಕುಂತು ಹೇಳಿದಂಗ ಸ್ವಚ್ಛ ಕೇಳಸ್ತು."

ನನಗೆ ಅಳು ತಡೆಯಲಾಗಲಿಲ್ಲ. ಅವಳೇ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

"ಅಳಬ್ಯಾಡ್ರಿ. ಅವರು ಬರತಾರ. ನಿಮ್ಮ ಕಣ್ಣು ಕೆಂಪಾಗಿದ್ರ ಅವರಿಗೆ ತಿಳೀತೈತಿ."

"ಅವರಿಗೆ ಹೇಳೇ. ಇಬ್ಬರೂ ಸೇರಿ ಅಳ್ರೇ. ನೀನೊಬ್ಬಳೇ ಎದೆಯಲ್ಲಿಟ್ಕೊಂಡು ಹೇಗೆ ಕೂತ್ಕೋತೀಯ ರೈಲಲ್ಲಿ?"

"ಆಕೀಗೆ ಹೇಳಬ್ಯಾಡ್ರಿ, ಕೈ ಮುಗೀತೀನಿ ಅಂತ ಅವರು ಅಂದದ್ದೂ ಕೇಳೇನಿ," ಅಂದಳು. ಕುಲಾವಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. "ನನಗ ಮಗಳ ದನಿ ಕೇಳಸಲಿ ಅಂತ ಅವರು ಮಂಡಿಯೂರಿ ಈ ತಂತಿ ಹೊಡದಾರ, ಬಾಯಾರ. ಎಷ್ಟು ಸರ್ತಿ ಬೆರಳಿಗೆ ಮೊಳೆ ಹೊಡಕೊಂಡಾರ. ಇದರಾಗಿಂದ ನನಗ ಈ ಮಾತು ಕೇಳಸ್ತು ಅಂತ ತಿಳದ್ರ, ಅವರು ಉಳಿಯೂದುಲ್ಲ. ಮಗಳನ್ನ ಕಳಕೊಂಡಾರ, ಅಷ್ಟು ಸಾಕು ಅವರಿಗೆ."

ಅವಳು ಉಂಡಿಯ ಡಬ್ಬಿಯನ್ನು ನನ್ನ ಮಡಿಲಿಗೆ ಇಟ್ಟು, "ನಿಮ್ಮ ಮನೀಗೆ ಒಯ್ರಿ," ಅಂದಳು. ಗಂಡ ಬಂದು, ಡಬ್ಬಿ ಯಾಕೆ ತೆಗೆದೆ ಎಂದು ಕೇಳಿದಾಗ, ಭಾರ ಆಗತೈತಿ, ಇನ್ನೊಮ್ಮೆ ಒಯ್ದರಾಯಿತು ಎಂದಳು. ಅವರು ಹೂಂ ಎಂದು ಮುಖ ತಿರುಗಿಸಿದರು.

ನಮ್ಮ ಯಜಮಾನರು ದಾದರಿಗೆ ಹೋಗಿ ಗಾಡಿ ಹತ್ತಿಸಿ ಬಂದರು. ಬಂದವರು ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕುಸಿದರು. "ಪಾಪ, ಆ ಹೆಂಗಸು ಪ್ಲಾಟ್‌ಫಾರ್ಮಿನಲ್ಲಿ, ಕೂಸಿನ ಮೂಗು ಯಾರ ಹಂಗೈತಂತ ಎಂದು ಕೇಳುತ್ತಿದ್ದಳು ಕಣೇ. ಅವರು ನಿನ್ನ ಹಂಗ ಅಂತ ಅಂದರು. ನನಗೆ ನಿಂತು ನೋಡಲಾಗಲಿಲ್ಲ," ಅಂದರು. ನಾನು ಅವರಿಗೂ ಏನೂ ಹೇಳಲಿಲ್ಲ.

ದಿನಕರ್ಮಗಳನ್ನು ಮುಗಿಸಿಕೊಂಡು ಇಬ್ಬರೂ ವಾಪಸು ಬಂದರು. ಕೂಸನ್ನು ಮುರಿಗೆಪ್ಪನ ತಾಯಿ ಕಾಶವ್ವ ಇಟ್ಟುಕೊಂಡಳು. ಶೀಲಾವತಿ ಮೊದಲಿನ ಹಾಗೆಯೇ ರೊಟ್ಟಿ ಬಡಿಯುವಳು, ನೀರು ಹಿಡಿಯುವಳು. ಒಂದೊಂದು ಸಲ ನಮ್ಮ ಮನೆಗೆ ಬಂದು ನನ್ನ ಅಡುಗೆಮನೆಯಲ್ಲಿ ಕೂತು ಅಳುವಳು. ಕಿವಿ ಕೇಳದವರು ಅಳುವಾಗ ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ತಿಳಿಯುವುದಿಲ್ಲ. ಗೋಡೆಯಾಚೆ ಗಂಡನಿಗೆ ಕೇಳದಿರಲೆಂದು ನಾನು ಮಿಕ್ಸಿ ಹಾಕಿಬಿಡುತ್ತಿದ್ದೆ.

ಒಂದು ಸಂಜೆ ಶೀಲಾವತಿ ಕೆಳಗೆ ತರಕಾರಿಗೆ ಹೋಗಿದ್ದಾಗ ನೀಲಕಂಠಪ್ಪನವರು ಬಂದರು. ಎಷ್ಟು ಇಳಿದುಹೋಗಿದ್ದರೆಂದರೆ ಅಂಗಿ ಹೆಗಲಿನ ಮೇಲೆ ನಿಲ್ಲುತ್ತಿರಲಿಲ್ಲ. ಶನಿವಾರದ ಲ್ಯಾಮಿಂಗ್ಟನ್ ರೋಡು ಯಾವತ್ತೋ ನಿಂತಿತ್ತು. ಕೊಟ್ಟ ಕಾಫಿಯನ್ನು ಕುಡಿಯದೆ ಪಕ್ಕಕ್ಕಿಟ್ಟರು.

"ಬಾಯಾರ, ಒಂದ ಮಾತ ಕೇಳತೀನಿ, ಖರೇ ಹೇಳ್ರಿ," ಅಂದರು. "ನಿನ್ನೆ ಫೋನಿನ ಧೂಳ ಒರಸಾಕತ್ತಿದ್ದೆ. ಆ ಸ್ವಿಚ್ ಕೈಗೆ ಹತ್ತಿತು. ಆವಾಗ ನೆನಪಾತು. ಆ ದಿವಸ ನಾ ಆಂಪ್ಲಿಫಯರ್ ಬಂದ್ ಮಾಡಲೇ ಇಲ್ಲ."

ನಾನು ಸೆರಗಿನಿಂದ ಬೆವರು ಒರೆಸಿಕೊಂಡೆ.

"ಅಲ್ಲಿ ಬಾಗಲದಾಗ ಮಂದಿ ನೋಡಿದ ಕೂಡಲೆ ಆಕಿ ಯಾರನ್ನೂ ಏನೂ ಕೇಳಲಿಲ್ಲ. ನೆಟ್ಟಗ ಒಳಗ ಹೋದಳು. ಚೀಲದಾಗಿಂದ ಹಸರ ಸೀರಿ ತಗದು ಮಗಳ ಮ್ಯಾಲ ಹೊಚ್ಚಿದಳು. ಮುತ್ತೈದಿ ಸತ್ರ ತವರಿನ ಸೀರಿ ಉಡಸಬೇಕಲ್ರಿ. ಆ ಸೀರಿ ಚೀಲದಾಗ ಹೆಂಗ ಬಂತು? ನಾ ಇಟ್ಟಿದ್ದಿಲ್ಲ." ಅವರು ನನ್ನ ಕಡೆಗೆ ಬಗ್ಗಿದರು. "ಚೀಲ ತುಂಬುವಾಗ ನೀವ ಇದ್ರಿ. ಆಕೀ ಮಷಿನ್ನಿನ ಗುಂಡಿ ಯಾವ ಕಡೆ ಇತ್ತು? ನೋಡಿದ್ರೇನು?"

ಗೋಡೆಯ ಆ ಕಡೆ ಅವರ ಮನೆಯ ಬೀಗ ತೆಗೆದ ಸದ್ದಾಯಿತು. ಶೀಲಾವತಿ ತರಕಾರಿ ತಂದಿದ್ದಳು. ಅವಳಿಗೆ ಈ ಮಾತು ಕೇಳುವ ಹಾಗಿರಲಿಲ್ಲ, ಆದರೂ ನಾನು ದನಿ ತಗ್ಗಿಸಿದೆ.

"ಎಂ ಕಡೆಗೇ ಇತ್ತು," ಅಂದೆ. "ನಾನು ಹಿಂದಿನಿಂದ ಒಂದು ಸಲ ಕರೆದದ್ದಕ್ಕೇ ತಿರುಗಿ ನೋಡಿದಳಲ್ಲ. ಟಿ ಕಡೆಗಿದ್ದಿದ್ದರೆ ಹೇಗೆ ಕೇಳಿಸ್ತಿತ್ತು? ನಿಮಗೇ ಗೊತ್ತಿಲ್ವಾ ಅದು?"

"ಮತ್ತ ಸೀರಿ?"

"ಸೀರೆ ನಾನು ಹಾಕಿದ್ದು. ನಾಮಕರಣದ ದಿನ ಉಡಿ ತುಂಬೋದಕ್ಕೆ ಇಟ್ಟಿದ್ದಳಲ್ಲ, ಆ ಸೀರೆ ಒಯ್ಯೇ ಅಂತ ನಾನೇ ಒಳಗೆ ತುರುಕಿದೆ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ತಪ್ಪಿಸಲಿಲ್ಲ. ನಿಧಾನವಾಗಿ ಅವರ ಹೆಗಲು ಸಡಿಲವಾಯಿತು. ಆರಿದ ಕಾಫಿಯನ್ನು ಎತ್ತಿ ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರಿತ್ತು, ಆದರೆ ತುಟಿಯ ಮೇಲೆ ನಗುವಿನಂಥದ್ದೇನೋ ಬಂದಿತ್ತು.

"ಗಾಡ್ಯಾಗ ಆಕಿ ಒಂದ ಸಮ ಮಾತಾಡಿದಳ್ರಿ," ಅಂದರು. "ನಂದಾ ಸಣ್ಣಾಕಿ ಇದ್ದಾಗ ಅಂಬೆಗಾಲ ಇಟಕೋತ ನಿಮ್ಮ ಮನೀಗೆ ಬಂದು ಹಿಟ್ಟ ಚೆಲ್ಲಿದ್ದು, ಸಾಲೀಗೆ ಹೋಗೂದುಲ್ಲಂತ ಗ್ಯಾಲರಿ ಕಂಬ ಹಿಡಕೊಂಡದ್ದು, ಎಲ್ಲಾ ಹೇಳಿ ಹೇಳಿ ನಕ್ಕಳು. ಕೂಸಿಗೆ ಏನ ಹೆಸರ ಇಡೂಣು ಅಂತ ನನ್ನ ಕೇಳಿದಳು. ನನ್ನೂ ನಗಿಸಿದಳು." ಲೋಟವನ್ನು ಕೆಳಗಿಟ್ಟರು. "ಅಂದ್ರ ಬಾಯಾರ, ಆ ರಾತ್ರಿ ಆಕಿ ಖರೇನ ನಕ್ಕಿದ್ದಳು?"

"ಹೌದು," ಅಂದೆ. "ಖಂಡಿತವಾಗಿ ನಕ್ಕಿದ್ದಳು."